ಲೋಲಜ್ಜಿಯನ್ನು ಕೇಳಿದೆಯಾ?

ಪುಟ್ಟಾ, ಹೆಂಡತಿಯ ಮನೆತನದ ಬೇರು ಹುಡುಕಲು ಹೊರಟಿದ್ದೀಯ ಎಂದು ತಿಳಿದು ಹಿಗ್ಗಿದೆ. ಆದರೆ ಎರಡು ಸಂಜೆ ಕಂಪ್ಯೂಟರ್ ಮುಂದೆ ಕೂತದ್ದಕ್ಕೇ ನಿನ್ನ ಮಾವನವರನ್ನು ಸ್ಪೇನಿನ ರಾಜಮನೆತನಕ್ಕೆ ಗಂಟು ಹಾಕಿದ್ದೀಯಲ್ಲ, ಎಂಥ ಆತುರವೋ ನಿನ್ನದು! ಅವರ ಹೆಸರಿನಲ್ಲಿರುವ ಗಾರ್ಸಿಯಾ ಆ ದೇಶದಲ್ಲೇ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರು. ರೊಡ್ರಿಗೆಜ್ ಅಂದರೆ ರೊಡ್ರಿಗೋನ ಮಗ, ಅಷ್ಟೆ. ಊರಲ್ಲಿ ಹತ್ತು ರೊಡ್ರಿಗೋಗಳಿದ್ದರೆ ಹತ್ತು ಮನೆತನ.

ಅಲ್ಲಿಯವರಿಗೆ ಎರಡು ಅಡ್ಡಹೆಸರು. ವಾಡಿಕೆಯಂತೆ ಅಪ್ಪನದು ಮೊದಲು, ಅಮ್ಮನದು ಆಮೇಲೆ. ಮದುವೆಯಾದರೂ ಹೆಣ್ಣು ತನ್ನ ಹೆಸರು ಬಿಡುವುದಿಲ್ಲ. ನೀನು ಬರೆದ ವಂಶವೃಕ್ಷದಲ್ಲಿ ಎರಡನೆಯ ಹೆಸರುಗಳೆಲ್ಲ ಎಲ್ಲಿ ಹೋದವು? ದಾರಿ ತೋರಿಸುವುದೇ ಅವು. ಪಿಕಾಸೋನ ಅಪ್ಪ ರೂಯಿಸ್. ಪಿಕಾಸೋ ಎಂಬುದು ಅಮ್ಮನ ಕಡೆಯ ಹೆಸರು. ಅಮ್ಮನನ್ನು ಬಿಟ್ಟು ಅವನನ್ನು ಹುಡುಕುವುದುಂಟೇ? 1599ರಲ್ಲಿ ಸೆವಿಲ್ಲಾದಲ್ಲಿ ಹುಟ್ಟಿದ ಚಿತ್ರಕಾರ ವೆಲಾಸ್ಕೆಸ್ ಕೂಡ ತಾಯಿಯ ಹೆಸರಿನಿಂದಲೇ ಪ್ರಸಿದ್ಧ. ಆಗಿನ್ನೂ ಈ ಪದ್ಧತಿ ಗಟ್ಟಿಯಾಗಿರಲಿಲ್ಲ. ಒಡಹುಟ್ಟಿದವರೇ ಬೇರೆ ಬೇರೆ ಅಡ್ಡಹೆಸರು ಇಟ್ಟುಕೊಳ್ಳುತ್ತಿದ್ದರು.

ಮೇಲಿನಿಂದ ಇಳಿಯಬೇಡ, ಕೆಳಗಿನಿಂದ ಹತ್ತು. ಸರ್ಕಾರದ ಜನನ ಮರಣ ನೋಂದಣಿ ಅಲ್ಲಿ ಶುರುವಾದದ್ದು 1871ರಲ್ಲಿ. ಆ ದಾಖಲೆಯ ಪೂರ್ತಿ ನಕಲು ತರಿಸಿಕೋ, ಸಾರಾಂಶ ಸಾಲದು. ಹಳೆಯ ಜನನ ದಾಖಲೆಗಳಲ್ಲಿ ತಂದೆತಾಯಿಯ ಜೊತೆ ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರೂ ಇರುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ ಊರಿನ ಚರ್ಚಿನ ದೀಕ್ಷಾಸ್ನಾನ, ಮದುವೆಯ ಪುಸ್ತಕಗಳೇ ಗತಿ. ಹಾಗಾಗಿ ಊರು ಯಾವುದೆಂದು ಗೊತ್ತಾಗದೆ ಒಂದು ಹೆಜ್ಜೆಯನ್ನೂ ಇಡಬೇಡ.

ನಿನ್ನ ಹೆಂಡತಿಯ ಅಜ್ಜಿಯನ್ನು ಲೋಲಾ ಎಂದು ಹುಡುಕಿ, ಸಿಗಲಿಲ್ಲವೆಂದು ಸಿಟ್ಟಾದೆಯಂತೆ. ಪುಸ್ತಕದಲ್ಲಿ ಆಕೆ ದೊಲೋರೆಸ್, ಕಣೋ! ಮೇರಿ ಮಾತೆಯ ನೋವುಗಳ ನೆನಪಿಗೆ ಇಡುವ ಹೆಸರದು. ಹಾಗೆಯೇ ಪೇಪೆ ಅಂದರೆ ಹೊಸೆ, ಪಾಕೋ ಅಂದರೆ ಫ್ರಾನ್ಸಿಸ್ಕೋ. ನಮ್ಮ ಮನೆಯಲ್ಲಿ ನೀನು ಪುಟ್ಟ, ಶಾಲೆಯ ರಿಜಿಸ್ಟರಿನಲ್ಲಿ ಪುಟ್ಟ ಎಲ್ಲಿದ್ದ?

ಹುಟ್ಟುವ ಮಗುವಿಗೆ ಹಾವಿಯೆರ್ ಎಂದಿಡಲೇ ಎಂದು ಕೇಳಿದ್ದೀಯ. ಧಾರಾಳವಾಗಿ ಇಡು. ಅದು ನವಾರಾದ ಒಂದು ಕೋಟೆಮನೆಯ ಹೆಸರು. ಬಾಸ್ಕ್ ನುಡಿಯಲ್ಲಿ 'ಹೊಸ ಮನೆ' ಎಂದರ್ಥ. 1506ರಲ್ಲಿ ಅಲ್ಲಿ ಹುಟ್ಟಿದ ಸಂತ ಫ್ರಾನ್ಸಿಸ್ ಝೇವಿಯರ್ ದೇಹ ಇರುವುದು ನಮ್ಮ ಪಕ್ಕದ ಗೋವೆಯಲ್ಲಿ. ಮಂಗಳೂರಿನ ಕಡೆಯ ಝೇವಿಯರ್‌ಗಳಿಗೆಲ್ಲ ಆ ಹೆಸರು ಬಂದದ್ದು ಆ ಸಂತನಿಂದಲೇ.

ನಮ್ಮಜ್ಜಿಯ ತವರೂರು ಯಾವುದೆಂದು ಅವಳಿದ್ದಾಗ ನಾನು ಕೇಳಲಿಲ್ಲ. ಈಗ ಹೇಳುವವರು ಒಬ್ಬರೂ ಇಲ್ಲ, ಆ ಕೊರಗು ಇನ್ನೂ ಹೋಗಿಲ್ಲ. ಲೋಲಜ್ಜಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಈ ಭಾನುವಾರ ಫೋನ್ ಮಾಡಿದಾಗ ಅವರ ಅಮ್ಮನ ಮದುವೆ ಯಾವ ಊರಿನ ಚರ್ಚಿನಲ್ಲಾಯಿತು ಎಂದು ಕೇಳು.