ರಿಜಿಸ್ಟರುಗಳ ವಿಂಗಡಣೆ: ತಿದ್ದುಪಡಿ ನೋಡುವ ಬಗೆ

ಖಾತೆ ಪುಸ್ತಕದಲ್ಲಿ ಒಂದು ಬಾಬನ್ನು ಬೇರೆ ಶೀರ್ಷಿಕೆಗೆ ಸರಿಸಿದರೆ ಎಲ್ಲೆಲ್ಲಿ ಮೊತ್ತ ಬದಲಾದೀತೆಂಬುದು ನಮ್ಮ ಗುಮಾಸ್ತ ಬಂಧುಗಳಿಗೆ ಗೊತ್ತೇ ಇದೆ. ಕಂಪ್ಯೂಟರಿನ ಪ್ರೋಗ್ರಾಮಿಗೆ ಬಂದ ತಿದ್ದುಪಡಿಯನ್ನು ಪರಿಶೀಲಿಸುವಾಗಲೂ ಅದೇ ಎಚ್ಚರ ಬೇಕು.

ಪ್ರೊಸೆಸರು ಲೆಕ್ಕ ಮಾಡುವಾಗ ಅಂಕಿಗಳನ್ನು ಇರಿಸಿಕೊಳ್ಳುವ ಪುಟ್ಟ ಗೂಡುಗಳೇ ರಿಜಿಸ್ಟರುಗಳು. ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ಆ ಗೂಡುಗಳನ್ನು ತೆರೆದು ತೋರಿಸುವ ಸಾಧನಕ್ಕೆ ಡಿಬಗ್ಗರ್ ಎಂದು ಹೆಸರು. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಬರೆದ ಜಿಡಿಬಿ ಇಂಥ ಒಂದು ಪ್ರಸಿದ್ಧ ಸಾಧನ. ಅದು ರಿಜಿಸ್ಟರುಗಳನ್ನು ಜನರಲ್, ಫ್ಲೋಟ್, ವೆಕ್ಟರ್, ಸಿಸ್ಟಮ್ ಮುಂತಾಗಿ ವಿಂಗಡಿಸುತ್ತದೆ.

ಈ ವಿಂಗಡಣೆ ಬದಲಾದರೆ ಪರದೆಯ ಮೇಲಿನ ಪಟ್ಟಿಯಷ್ಟೇ ಬದಲಾಗುವುದೆಂದು ನಾವು ತಿಳಿಯಬಾರದು. ಜಿಡಿಬಿಯಲ್ಲಿ 'ಸೇವ್', 'ರಿಸ್ಟೋರ್' ಎಂಬ ಗುಂಪುಗಳೂ ಇವೆ. ನಿಂತಿರುವ ಪ್ರೋಗ್ರಾಮಿನ ಒಂದು ಫಂಕ್ಷನ್ನನ್ನು ನಾವು ಡಿಬಗ್ಗರಿನಿಂದಲೇ ನಡೆಸಿದಾಗ, ಅದು ಮೊದಲು ಈ ರಿಜಿಸ್ಟರುಗಳ ಅಂಕಿಗಳನ್ನು ಎತ್ತಿಟ್ಟು, ಕೆಲಸ ಮುಗಿದೊಡನೆ ಮರಳಿ ತುಂಬುತ್ತದೆ. ತಿದ್ದುವ ಭರದಲ್ಲಿ ಒಂದು ರಿಜಿಸ್ಟರು ಇವುಗಳಿಂದ ಹೊರಬಿದ್ದರೆ, ಅದರ ಹಳೆಯ ಅಂಕಿ ಮರಳಿ ಬಾರದೆ ಹೋದೀತು. ಆಗ ತಪ್ಪು ಹುಡುಕುವ ಸಾಧನವೇ ತಪ್ಪನ್ನು ಹುಟ್ಟಿಸಿದಂತಾಗುವುದು! ಹಾಗೆಂದು ಎಲ್ಲವನ್ನೂ ಸೇರಿಸುವುದೂ ಸಲ್ಲದು. ಕೆಲವು ಸಿಸ್ಟಮ್ ರಿಜಿಸ್ಟರುಗಳನ್ನು ಮರಳಿ ಬರೆಯಬಾರದು.

ಆದುದರಿಂದ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಯಾವ ರಿಜಿಸ್ಟರು ಗುಂಪು ಬದಲಿಸಿತು? ಆ ಗುಂಪನ್ನು ಇನ್ನಾವ ಭಾಗ ನೆಚ್ಚಿಕೊಂಡಿದೆ? ಫಂಕ್ಷನ್ ನಡೆಸುವ ಮುಂಚಿನ ಹಾಗೂ ನಂತರದ ಅಂಕಿಗಳನ್ನು ತಾಳೆ ನೋಡಿದ್ದಾರೆಯೇ? ಮೂರಕ್ಕೂ ಉತ್ತರ ದೊರೆತ ಮೇಲೆಯೇ ಒಪ್ಪಿಗೆ ಕೊಡುವುದು ಲೇಸು.