ಕ್ಷ-ಕಿರಣವೂ ಗಡ್ಡೆಯೊಳಗಿನ ರಕ್ಷಕ ಕಣಗಳೂ

ಕ್ಷ-ಕಿರಣವನ್ನು ಹಾಯಿಸಿ ಕ್ಯಾನ್ಸರ್ ಗಡ್ಡೆಯನ್ನು ಕರಗಿಸುವರೆಂಬುದನ್ನು ನಾವೆಲ್ಲರೂ ಕೇಳಿ ಬಲ್ಲೆವು. ಭೌತವಿಜ್ಞಾನದ ದೃಷ್ಟಿಯಿಂದ ಇದು ಶಕ್ತಿಯ ಲೆಕ್ಕ. ಒಂದು ಕಿಲೋಗ್ರಾಂ ಅಂಗಾಂಶವು ಒಂದು ಜೌಲ್ ಶಕ್ತಿಯನ್ನು ಹೀರಿಕೊಂಡರೆ ಆ ಪ್ರಮಾಣಕ್ಕೆ ಒಂದು ಗ್ರೇ ಎಂದು ಹೆಸರು. ಈ ಶಕ್ತಿಯು ಜೀವಕಣದ ಡಿ.ಎನ್.ಎ. ಎಳೆಗಳನ್ನು ಕಡಿದುಹಾಕುತ್ತದೆ. ವಿಷಯವು ಇಷ್ಟೇ ಆಗಿದ್ದಲ್ಲಿ, ಒಂದೇ ಬಗೆಯ ಗಡ್ಡೆಗಳಲ್ಲಿ ಒಂದೇ ಪ್ರಮಾಣದ ಕಿರಣವು ಒಂದೇ ಫಲವನ್ನು ಕೊಡಬೇಕಾಗಿತ್ತು. ಹಾಗಾಗುವುದಿಲ್ಲ, ಏಕೆ?

ಗಡ್ಡೆಯಲ್ಲಿ ಕ್ಯಾನ್ಸರ್ ಕಣಗಳು ಮಾತ್ರವೇ ಇರುವುದಿಲ್ಲ. ರಕ್ತದಿಂದ ಬಂದು ಸೇರಿದ ಬಿಳಿಯ ಕಣಗಳೂ ಅಲ್ಲಿರುತ್ತವೆ. ಜರ್ಮನಿಯ ರುಡಾಲ್ಫ್ ವಿರ್ಖೋ ಅವರು 1863ರಲ್ಲಿಯೇ ಇವನ್ನು ಗುರುತಿಸಿದ್ದರು. ಇವುಗಳ ಪೈಕಿ ಟಿ-ಕಣಗಳು ಕ್ಯಾನ್ಸರ್ ಕಣವನ್ನು ಪತ್ತೆಹಚ್ಚಿ ಕೊಲ್ಲಬಲ್ಲವು. ಭಕ್ಷಕ ಕಣಗಳ ನಡತೆ ಎರಡು ಬಗೆ: ಕೆಲವು ಶತ್ರುವನ್ನು ನುಂಗುತ್ತವೆ, ಮತ್ತೆ ಕೆಲವು ಗಡ್ಡೆಯಲ್ಲಿ ಹೊಸ ರಕ್ತನಾಳಗಳು ಬೆಳೆಯಲು ನೆರವಾಗಿ ಅದನ್ನೇ ಪೋಷಿಸುತ್ತವೆ.

1979ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗವನ್ನು ನೋಡೋಣ. ಗಡ್ಡೆಯುಳ್ಳ ಇಲಿಗಳಲ್ಲಿ ಅರ್ಧದಷ್ಟನ್ನು ಗುಣಪಡಿಸಲು ಸುಮಾರು 30 ಗ್ರೇ ಸಾಕಾಯಿತು. ಟಿ-ಕಣಗಳಿಲ್ಲದಂತೆ ಮಾಡಿದ ಇಲಿಗಳಿಗಾದರೋ ಇಮ್ಮಡಿಗಿಂತಲೂ ಹೆಚ್ಚು, ಎಂದರೆ ಸುಮಾರು 64 ಗ್ರೇ ಬೇಕಾಯಿತು. ಗಡ್ಡೆ ಅದೇ ಜಾತಿಯದು, ಕಿರಣವೂ ಅದೇ.

ಇದರ ಕಾರಣವನ್ನು ಈಗ ಹೀಗೆ ವಿವರಿಸುತ್ತಾರೆ. ಕಿರಣದಿಂದ ಸಾಯುವ ಕಣಗಳು ಒಡೆದಾಗ ಅವುಗಳ ಪ್ರೋಟೀನುಗಳು ಹೊರಚೆಲ್ಲುತ್ತವೆ. ಕವಲುಗಳುಳ್ಳ ಒಂದು ಜಾತಿಯ ರಕ್ಷಕ ಕಣಗಳು ಇವುಗಳ ತುಣುಕನ್ನು ದುಗ್ಧಗ್ರಂಥಿಗೆ ಒಯ್ದು ಟಿ-ಕಣಗಳಿಗೆ ಶತ್ರುವಿನ ಗುರುತನ್ನು ತೋರಿಸುತ್ತವೆ. ಹೀಗೆ ಸಿದ್ಧವಾದ ಟಿ-ಕಣಗಳು ಗಡ್ಡೆಯನ್ನು ಹೊಕ್ಕು, ಕಿರಣಕ್ಕೆ ಸಾಯದೆ ಉಳಿದ ಕಣಗಳನ್ನು ಕೊಲ್ಲುತ್ತವೆ.

ಆದರೆ ಟಿ-ಕಣದ ಮೇಲೆ ಪಿ.ಡಿ.-1 ಎಂಬ ಪ್ರೋಟೀನು ಮೋಟಾರಿನ ಬ್ರೇಕಿನಂತೆ ಇರುತ್ತದೆ. ಇದನ್ನು 1992ರಲ್ಲಿ ಜಪಾನಿನ ತಸುಕು ಹೊಂಜೋ ಅವರ ತಂಡವು ಕಂಡುಹಿಡಿಯಿತು. ಅನೇಕ ಕ್ಯಾನ್ಸರ್ ಕಣಗಳು ಈ ಬ್ರೇಕನ್ನು ಒತ್ತಿ ಪಾರಾಗುತ್ತವೆ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ಶ್ವಾಸಕೋಶದ ಕ್ಯಾನ್ಸರಿನಲ್ಲಿ, ಕಿರಣ ಮತ್ತು ಔಷಧಗಳಿಂದ ರೋಗವು ಹತೋಟಿಗೆ ಬಂದ ಬಳಿಕ, ಬ್ರೇಕನ್ನು ಬಿಡಿಸುವ ಡುರ್ವಾಲುಮ್ಯಾಬ್ ಎಂಬ ಮದ್ದನ್ನು ಪರೀಕ್ಷಿಸಲಾಯಿತು. ಅದನ್ನು ಪಡೆದವರಲ್ಲಿ ನೂರಕ್ಕೆ ಸುಮಾರು 43 ಮಂದಿ ಐದು ವರ್ಷಗಳ ಅನಂತರವೂ ಬದುಕಿದ್ದರು. ಪಡೆಯದವರಲ್ಲಿ ಸುಮಾರು 33 ಮಂದಿ.

ಎಲ್ಲ ಕ್ಯಾನ್ಸರುಗಳಲ್ಲಿಯೂ ಇಂತಹ ಫಲ ದೊರೆತಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಇದೇ ಬಗೆಯ ಇನ್ನೊಂದು ಮದ್ದನ್ನು ಕಿರಣದೊಡನೆ ಕೊಟ್ಟಾಗ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಅಲ್ಲದೆ, ಟಿ-ಕಣಗಳು ಸ್ವಲ್ಪ ಕಿರಣಕ್ಕೇ ಸಾಯತಕ್ಕವು. ಆದುದರಿಂದ ಎಷ್ಟು ಗ್ರೇ ಕೊಡಬೇಕೆಂಬ ಲೆಕ್ಕದೊಡನೆ, ಈ ರಕ್ಷಕ ಕಣಗಳಲ್ಲಿ ಎಷ್ಟನ್ನು ಉಳಿಸಿಕೊಳ್ಳಬಹುದೆಂಬುದನ್ನೂ ನಾವು ಲೆಕ್ಕ ಹಾಕಬೇಕಾಗಿದೆ.