ಹುರಿ ಬಿಡಿಸುವ ಬಲ

ಎರಡು ಎಳೆಗಳನ್ನು ಹೊಸೆದು ಮಾಡಿದ ಹಗ್ಗವನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ತುದಿಯ ಎಳೆಗಳೆರಡನ್ನೂ ಹಿಡಿದು ಆಚೀಚೆಗೆ ಎಳೆದರೆ ಹುರಿಯು ಬಿಚ್ಚುತ್ತಾ ಹೋಗುತ್ತದೆ. ನಮ್ಮ ಜೀವಕೋಶಗಳಲ್ಲಿಯೂ ಇಂತಹ ಒಂದು ಹುರಿಯಿದೆ. ಅದೇ ಡಿ.ಎನ್.ಎ. ಅಣು. ಅದರ ಜೋಡಿಸುರುಳಿಯ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ ಎಂಬ ವಿಜ್ಞಾನಿಗಳು 1953ರಲ್ಲಿ ಪ್ರಕಟಿಸಿದರು.

ಈ ಎಳೆಗಳ ನಡುವೆ ಅಡಿನೀನ್ ಥೈಮಿನ್‌ನೊಡನೆ ಎರಡು ಜಲಜನಕ ಬಂಧಗಳಿಂದಲೂ, ಗ್ವಾನೀನ್ ಸೈಟೊಸೀನ್‌ನೊಡನೆ ಮೂರು ಬಂಧಗಳಿಂದಲೂ ಕೂಡಿಕೊಂಡಿರುತ್ತವೆ. ಕೋಶವು ವಿಭಜನೆ ಹೊಂದುವ ಮುನ್ನ ಡಿ.ಎನ್.ಎ.ಯ ಪ್ರತಿ ಸಿದ್ಧವಾಗಬೇಕು. ಅದಕ್ಕಾಗಿ ಎಳೆಗಳು ಬೇರ್ಪಡಲೇಬೇಕು. ಹಾಗಾದರೆ ಅವುಗಳನ್ನು ಬಿಡಿಸಲು ಎಷ್ಟು ಬಲ ಬೇಕು?

1997ರಲ್ಲಿ ಪ್ಯಾರಿಸಿನ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ಒಂದು ಎಳೆಯನ್ನು ಗಾಜಿನ ಫಲಕಕ್ಕೂ, ಮತ್ತೊಂದನ್ನು ಸೂಕ್ಷ್ಮ ಮಣಿಯೊಂದಕ್ಕೂ ಅಂಟಿಸಿ, ಮೆಲ್ಲನೆ ಎಳೆದರು. ಮಣಿಗೆ ಜೋಡಿಸಿದ್ದ ಗಾಜಿನ ಸೂಜಿಯ ಬಾಗುವಿಕೆಯೇ ಬಲದ ಅಳತೆಯಾಯಿತು. ಅದು 10ರಿಂದ 15 ಪಿಕೊನ್ಯೂಟನ್‌ಗಳಷ್ಟಿತ್ತು. ಒಂದು ಗ್ರಾಂ ವಸ್ತುವಿನ ತೂಕವನ್ನು ನೂರು ಕೋಟಿ ಪಾಲು ಮಾಡಿದರೆ, ಅದರಲ್ಲಿ ಒಂದು ಪಾಲು ಸುಮಾರು 10 ಪಿಕೊನ್ಯೂಟನ್‌ಗಳಾಗುತ್ತದೆ!

ಬಂಧಗಳು ಒಂದೊಂದಾಗಿ ಕಳಚುವುದನ್ನು ಕಣ್ಣಿನಿಂದ ನೋಡಲಾಗದು. ಆದುದರಿಂದ ವಿಜ್ಞಾನಿಗಳು ಗಣಕಯಂತ್ರದಲ್ಲಿ ಅಣುವಿನ ಪ್ರತಿರೂಪವನ್ನು ರಚಿಸುತ್ತಾರೆ. ಪ್ರತಿಯೊಂದು ಪರಮಾಣುವಿನ ಮೇಲಿನ ಬಲವನ್ನು ಲೆಕ್ಕಹಾಕಿ, ನೀವು ಕಲಿತಿರುವ ನ್ಯೂಟನ್ನನ ಎರಡನೆಯ ನಿಯಮದಂತೆ ಅದನ್ನು ಒಂದಿಷ್ಟು ಸರಿಸುತ್ತಾರೆ. ಈ ಲೆಕ್ಕದ ಒಂದು ಹೆಜ್ಜೆಯು ಸೆಕೆಂಡಿನ ಹತ್ತು ಕೋಟಿ ಕೋಟಿ ಪಾಲುಗಳಲ್ಲಿ ಒಂದೆರಡು ಪಾಲು ಮಾತ್ರ. ಕೋಟ್ಯಂತರ ಹೆಜ್ಜೆಗಳನ್ನಿಟ್ಟರೂ ಸೆಕೆಂಡಿನ ಅತ್ಯಲ್ಪ ಭಾಗವಷ್ಟೇ ಕಳೆದಿರುತ್ತದೆ.

ಈ ಕಾರಣದಿಂದ ಲೆಕ್ಕದಲ್ಲಿ ಎಳೆಗಳನ್ನು ಪ್ರಯೋಗದಲ್ಲಿ ಎಳೆಯುವುದಕ್ಕಿಂತ ಬಹಳ ವೇಗವಾಗಿ ಎಳೆಯಬೇಕಾಗುತ್ತದೆ. ಇಲ್ಲಿಯೇ ಎಚ್ಚರ ಅಗತ್ಯ. ಸುತ್ತಲಿನ ನೀರಿನ ಅಣುಗಳು ಉಷ್ಣದಿಂದಾಗಿ ಸದಾ ಬಡಿಯುತ್ತಿರುವುದರಿಂದ ಬಂಧಗಳು ಆಗಾಗ ತಾವಾಗಿಯೇ ಸಡಿಲಗೊಳ್ಳುತ್ತವೆ. ಮೆಲ್ಲನೆ ಎಳೆದರೆ ಆ ನೆರವು ದೊರೆಯುತ್ತದೆ; ಅವಸರದಿಂದ ಎಳೆದರೆ ದೊರೆಯದು. ಆಗ ಬಲವು ನಿಜಕ್ಕಿಂತ ಹೆಚ್ಚಾಗಿ ತೋರುತ್ತದೆ. ಈ ದೋಷವನ್ನು ತಗ್ಗಿಸಲು ಹಲವು ಪರಮಾಣುಗಳನ್ನು ಒಂದೇ ಕಣವೆಂದು ಭಾವಿಸಿ, ಲೆಕ್ಕವನ್ನು ಹಗುರಗೊಳಿಸಿ, ಹೆಚ್ಚು ಕಾಲದವರೆಗೆ ನಡೆಸುತ್ತಾರೆ. ವೇಗವನ್ನು ಬದಲಿಸುತ್ತಾ ಫಲಿತಾಂಶಗಳನ್ನು ಹೋಲಿಸುತ್ತಾರೆ.

ಗಣಕಯಂತ್ರವು ಕಾಣದುದನ್ನು ಕಾಣಿಸುತ್ತದೆ, ನಿಜ. ಆದರೆ ಅದು ಕಾಣಿಸಿದುದೆಲ್ಲವೂ ಸತ್ಯವೆಂದು ಒಪ್ಪಲಾಗದು. ಲೆಕ್ಕಕ್ಕೆ ಪ್ರಯೋಗವೇ ಒರೆಗಲ್ಲು.